ಸ್ಪಷ್ಟನೆ: ಕಂಪನಿ ಸಾಧನಗಳಿಗೆ ಕೋಡ್ ಬರೆಯುವುದು ಬಿಟ್ಟಿ ಚಾಕರಿಯೇ?

‘ಕಂಪನಿಗಳ ರೂಟರು, ಫೋನುಗಳಿಗೆ ಸ್ವಯಂಸೇವಕರು ಮುಕ್ತ ತಂತ್ರಾಂಶ ಬರೆಯುವುದು ಬಿಟ್ಟಿ ಚಾಕರಿ, ಲಾಭವೆಲ್ಲ ಕಂಪನಿಗೆ’ ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧ ಮಾತ್ರ ನಿಜ. ಉಳಿದದ್ದು ಪರವಾನಗಿಯ ಮೇಲೆ ನಿಂತಿದೆ.

ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೂಟರನ್ನೇ ನೋಡಿ. ಒಳಗಿರುವುದು ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಎಂದು ಬಯಲಾದ ಮೇಲೆ, ಅದರ ಪರವಾನಗಿ ಜಿಪಿಎಲ್‌ನ (ತಂತ್ರಾಂಶ ಹಂಚುವವರು ಸೋರ್ಸನ್ನೂ ಕೊಡಬೇಕೆನ್ನುತ್ತದೆ) ಷರತ್ತಿನಂತೆ ಕಂಪನಿ 2003ರಲ್ಲಿ ಸೋರ್ಸ್ ಕೋಡ್ (ಮನುಷ್ಯರು ಓದಿ ತಿದ್ದಬಲ್ಲ ಮೂಲರೂಪ) ಕೊಡಬೇಕಾಯಿತು. ಮರುವರ್ಷ ಅದರಿಂದಲೇ ಸ್ವಯಂಸೇವಕರ ರೂಟರ್ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ತಯಾರಕರು ಅಪ್‌ಡೇಟ್ ನಿಲ್ಲಿಸಿದ ಎಷ್ಟೋ ರೂಟರುಗಳು ಇಂದಿಗೂ ಅದರ ಬಲದಲ್ಲೇ ಓಡುತ್ತಿವೆ. ಆ ಕೋಡ್ ಎಂಐಟಿ ಅಥವಾ ಬಿಎಸ್‌ಡಿ ಪರವಾನಗಿಯಲ್ಲಿದ್ದಿದ್ದರೆ ಕಂಪನಿ ಒಂದು ಸಾಲು ಸೋರ್ಸನ್ನೂ ಕೊಡಬೇಕಿರಲಿಲ್ಲ.

ಪೂರ್ತಿ ಗೆಲುವೇನಲ್ಲ. ರೂಟರಿನ ಬ್ರಾಡ್‌ಕಾಮ್ ವೈಫೈ ಚಿಪ್ಪನ್ನು ನಡೆಸುವ ಡ್ರೈವರ್ ಬೈನರಿಯಾಗಷ್ಟೇ (ಯಂತ್ರ ಮಾತ್ರ ಓದುವ ರೂಪದಲ್ಲಿ) ಸಿಕ್ಕಿತು, ಅದೂ ಲಿನಕ್ಸಿನ ತಿರುಳಾದ ಕರ್ನಲ್‌ನ 2.4 ಆವೃತ್ತಿಗೆ ಅಂಟಿಕೊಂಡು. ಹೊಸ ಕರ್ನಲ್‌ಗಾಗಿ ಸ್ವಯಂಸೇವಕರು ಚಿಪ್ಪಿನ ವರ್ತನೆಯನ್ನು ಬಗೆದು ನೋಡಿ ಬೇರೆ ಡ್ರೈವರ್ ಬರೆದರು. ರೂಟರಿನ 5ನೇ ಆವೃತ್ತಿಯಲ್ಲಿ ಕಂಪನಿ ಲಿನಕ್ಸನ್ನೇ ಕೈಬಿಟ್ಟು, ಫ್ಲ್ಯಾಶನ್ನು 4ರಿಂದ 2 ಎಂಬಿಗೂ ರ‍್ಯಾಮನ್ನು 16ರಿಂದ 8 ಎಂಬಿಗೂ ಇಳಿಸಿತು. ಲಿನಕ್ಸ್ ಬೇಕೆಂದವರಿಗೆ ಹಳೆಯದನ್ನೇ ‘ಜಿಎಲ್’ ಎಂದು ಮಾರಿತು.

ಇಂಥ ಸಾಧನಕ್ಕೆ ಕೋಡ್ ಬರೆಯಲು ಕೈಹಾಕುವ ಮುನ್ನ ಅದರ ಕೈಪಿಡಿಯಲ್ಲಿ ಸೋರ್ಸ್ ಕೊಡುವ ಲಿಖಿತ ಭರವಸೆ ಹುಡುಕಿ. ಜಿಪಿಎಲ್ 2ರಂತೆ ಅದು ಕನಿಷ್ಠ 3 ವರ್ಷ ಊರ್ಜಿತವಾಗಿರಬೇಕು. ಬಂದ ಕೋಡನ್ನು ಕಂಪೈಲ್ ಮಾಡಿಯೇ (ಯಂತ್ರದಲ್ಲಿ ಓಡುವ ರೂಪಕ್ಕೆ ತಂದೇ) ನೋಡಿ: ಅದಕ್ಕೆ ಬೇಕಾದ ಆದೇಶಗಳ ಕಡತ, ಅಂದರೆ ಬಿಲ್ಡ್ ಸ್ಕ್ರಿಪ್ಟ್, ಇಲ್ಲದಿದ್ದರೆ ಕೊಟ್ಟದ್ದು ಅಪೂರ್ಣ, ಮತ್ತೆ ಕೇಳಿ. ಸಾಧನ ಆನ್ ಆದಾಗ ಕರ್ನಲನ್ನು ಎಬ್ಬಿಸುವ ಬೂಟ್‌ಲೋಡರ್ ಕಂಪನಿಯ ಡಿಜಿಟಲ್ ಸಹಿಯಿಲ್ಲದ ಕರ್ನಲನ್ನು ಒಪ್ಪದಿದ್ದರೆ, ನೀವು ತಿದ್ದಿದ ಕೋಡ್ ನೀವೇ ಕೊಂಡ ಪೆಟ್ಟಿಗೆಯಲ್ಲಿ ಓಡದು. 2007ರ ಜಿಪಿಎಲ್ 3 ಗೃಹಬಳಕೆಯ ಸಾಧನಗಳಲ್ಲಿ ಇಂಥ ಬೀಗವನ್ನು ತಡೆಯುತ್ತದೆ. ಆದರೆ ಲಿನಕ್ಸ್ ಕರ್ನಲ್ ಇಂದಿಗೂ ಜಿಪಿಎಲ್ 2ರಲ್ಲೇ ಇದೆ.