ಕುಮಟಾಗೆ ಹೋಗಿ ಪನೀರ್ ಬಟರ್ ಮಸಾಲ ತಿಂದು ಬಂದ್ವಿ

ನಿನ್ನೆ ರಾತ್ರಿ ವಾಪಸ್ ಬಂದೆವು. ಬ್ಯಾಗು ಇನ್ನೂ ಬಿಚ್ಚಿಲ್ಲ. ಇದನ್ನು ಬರೆಯದೆ ನನಗೆ ಸಮಾಧಾನ ಇಲ್ಲ, ಅದಕ್ಕೇ ಮೊದಲು ಬರೆಯೋಕೆ ಕೂತೆ.

ಮಕ್ಕಳ ರಜೆ ಮುಗಿಯುವ ಮೊದಲು ಒಂದು ಕಡೆ ಹೋಗಿ ಬರೋಣ ಅಂತ, ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ ಒಂದು ಹೋಂಸ್ಟೇಯಲ್ಲಿ ಮೂರು ದಿನ ಇದ್ದೆವು. ಹಂಚಿನ ಮನೆ, ತೆಂಗಿನ ತೋಟ, ಹಿಂದೆ ಉಪ್ಪುನೀರಿನ ಗಜನಿ ಗದ್ದೆ. ಮನೆಯವರು ಪಕ್ಕದಲ್ಲೇ ಇರುತ್ತಾರೆ. ಒಳ್ಳೆಯ ಜನ, ಮಕ್ಕಳನ್ನು ಕೂರಿಸಿಕೊಂಡು ದೋಣಿಯಲ್ಲಿ ಒಂದು ಸುತ್ತು ಹಾಕಿಸಿದರು. ನನ್ನ ತಕರಾರು ಊಟದ್ದು ಮಾತ್ರ.

ಮೊದಲ ದಿನ ಮಧ್ಯಾಹ್ನ ಚಪಾತಿ, ಪನೀರ್ ಬಟರ್ ಮಸಾಲ, ಜೀರಾ ರೈಸ್. ರಾತ್ರಿ ಗೋಬಿ ಮಂಚೂರಿ, ಮತ್ತೆ ಪನೀರ್. ಕುಡಿಯೋಕೆ ಪ್ಯಾಕೆಟ್ಟಿನ ಮಾವಿನ ಜ್ಯೂಸು. ಮೇ ತಿಂಗಳು, ಅಂಗಳದ ತುಂಬ ಶರಬತ್ತು ಮಾಡುವ ಮುರುಗಲು (ಕೋಕಂ) ಸಿಪ್ಪೆ ಒಣಗಿಸಲು ಹರಡಿದ್ದಾರೆ, ಅದನ್ನು ದಾಟಿಕೊಂಡೇ ಊಟಕ್ಕೆ ಹೋಗಬೇಕು. ಆದರೂ ನಮಗೆ ಪ್ಯಾಕೆಟ್ ಜ್ಯೂಸು! ಬರುವಾಗ ದಾರಿಯಲ್ಲಿ ಹಂದಿಗೋಣದ ಹತ್ತಿರ ಹೆದ್ದಾರಿ ಬದಿಯಲ್ಲಿ ಕುಮಟಾ ಈರುಳ್ಳಿಯ ಗೊಂಚಲು ನೇತುಹಾಕಿದ್ದನ್ನು ನೋಡಿದ್ದೆವು. ಹಸಿಯಾಗಿ ತಿಂದರೂ ಸಿಹಿ ಇರುತ್ತದಲ್ಲ, ಅದೇ. ತಟ್ಟೆಯಲ್ಲಿ ಅದೂ ಇರಲಿಲ್ಲ.

ಎರಡನೇ ದಿನ ಬೆಳಿಗ್ಗೆ ಬಿಸಿನೀರು ಕೇಳೋಕೆ ಅಂತ ಅವರ ಅಡುಗೆಮನೆಗೆ ಹೋದೆ. ಆ ಮನೆಯ ಅಕ್ಕ ಕೆಳಗೆ ಕೂತು ಊಟ ಮಾಡುತ್ತಿದ್ದರು. ಬಟ್ಟಲಲ್ಲಿ ಕೆಂಪು ಅಕ್ಕಿಯ ಗಂಜಿ, ಪಕ್ಕದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ. ಒಲೆಯ ಹತ್ತಿರ ಒಂದು ಬೋಗುಣಿಯಲ್ಲಿ ಬಳಚು, ಅಂದರೆ ಚಿಪ್ಪುಮೀನು, ನೆನೆಯುತ್ತಿತ್ತು. ಒಂದೊಂದು ಚಿಪ್ಪು ಸ್ವಲ್ಪ ಬಾಯಿ ತೆರೆದು ಮರಳು ಬಿಡುತ್ತಿತ್ತು, ನಾನು ಬಗ್ಗಿ ನೋಡಿದರೆ ಪಟ್ ಅಂತ ಮುಚ್ಚಿಕೊಳ್ಳುತ್ತಿತ್ತು. ನೀರು ಇಳಿದಾಗ ಹೊಳೆಗೆ ಹೋಗಿ ಅವರೇ ಹೆಕ್ಕಿ ತಂದದ್ದಂತೆ.

"ಅಕ್ಕ, ಇದನ್ನು ನಮಗೆ ಯಾಕೆ ಹಾಕಲ್ಲ?" ಅಂದೆ.

"ಅಯ್ಯೋ, ಇದು ನಮ್ಮ ಮನೆ ಊಟ ಅಲ್ವಾ. ನಿಮಗೆಲ್ಲ ಸೇರ್ತದೋ ಇಲ್ವೋ ಅಂದ್ಕಂಡೆ" ಅಂದರು. ಹೇಳುವಾಗ ಬಟ್ಟಲನ್ನು ಸ್ವಲ್ಪ ಸೆರಗಿನ ಹಿಂದೆ ಸರಿಸಿಕೊಂಡರು. ಅದನ್ನು ನೋಡಿ ನನಗೆ ಹೊಟ್ಟೆ ಚುರ್ ಅಂತು.

ಆ ಅಕ್ಕಿ ಕಗ್ಗದ ಅಕ್ಕಿ. ಸಮುದ್ರದ ಉಪ್ಪುನೀರು ನುಗ್ಗುವ ಗಜನಿಯಲ್ಲಿ ಬೆಳೆಯುವ ಭತ್ತ. ಬೇರೆ ಭತ್ತ ಸತ್ತುಹೋಗುವ ನೀರಿನಲ್ಲಿ ಇದು ಕೆಲವು ದಿನ ಮುಳುಗಿದ್ದರೂ ಮತ್ತೆ ಏಳುತ್ತದೆ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲು ಆದ ಮೇಲೆ ಅದೇ ಗದ್ದೆಗೆ ನೀರು ಬಿಟ್ಟು ಶೆಟ್ಲಿ (ಸೀಗಡಿ), ಮೀನು ಹಿಡಿಯುತ್ತಾರೆ. ಈಗ ಬೆಳೆಯುವವರೇ ಕಡಿಮೆ. ಹೊಳೆಗೆ ಒಂದು ಅಣೆಕಟ್ಟೂ ಇಲ್ಲ, ಅದಕ್ಕೇ ಬಳಚು ಅಷ್ಟು ಚೆನ್ನಾಗಿ ಬೆಳೆಯುತ್ತದೆ ಅಂತ ಅಲ್ಲಿಯವರು ಹೇಳುತ್ತಾರೆ. 2024ರ ಜನವರಿಯಲ್ಲಿ ಈ ಅಳಿವೆಯನ್ನು, ಅಂದರೆ ಹೊಳೆ ಸಮುದ್ರ ಸೇರುವ ಜಾಗವನ್ನು, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿಸಿದರು. ಜಗತ್ತೇ ಕಾಪಾಡಬೇಕು ಅನ್ನುವ ಜಾಗ ಅದು. ಅಲ್ಲಿನ ಊಟ ಅಲ್ಲಿಗೆ ಬಂದವರ ತಟ್ಟೆಗೆ ಬರಲ್ಲ ಅಂದರೆ ಹೇಗೆ?

ಈಗ ಕಾಮೆಂಟಿನಲ್ಲಿ ಹೇಳುತ್ತೀರಿ, ಗೊತ್ತು. ಬಂದವರೇ ಪನೀರ್ ಕೇಳುತ್ತಾರೆ, ಮಕ್ಕಳು ಬೇರೇನೂ ತಿನ್ನಲ್ಲ, ಪಾಪ ಅವರೇನು ಮಾಡಬೇಕು ಅಂತ. ನಿಜ, ಕೇಳುತ್ತಾರೆ. ಆದರೆ ಕೇಳುವ ಮೊದಲೇ ಪನೀರ್ ಬಡಿಸಿಬಿಟ್ಟರೆ ಬಂದವರಿಗೆ ಬೇರೆ ಊಟ ಇದೆ ಅಂತ ಗೊತ್ತಾಗುವುದು ಯಾವಾಗ? ನನ್ನ ಚಿಕ್ಕವನು ಮನೆಯಲ್ಲಿ ಸೊಪ್ಪು ಕಂಡರೆ ಓಡುತ್ತಾನೆ. ಅಲ್ಲಿ ಎರಡನೇ ದಿನ ಮಧ್ಯಾಹ್ನ ಬಳಚಿನ ಸುಕ್ಕ ಮಾಡಿಸಿಕೊಂಡೆವಲ್ಲ, ಚಿಪ್ಪು ಎಣಿಸಿ ಎಣಿಸಿ ತಿಂದ. 31 ಆಯಿತು. ಮಕ್ಕಳು ತಿನ್ನಲ್ಲ ಅನ್ನುವ ಮಾತನ್ನು ದಯವಿಟ್ಟು ನನ್ನ ಹತ್ತಿರ ಹೇಳಬೇಡಿ.

ಇಷ್ಟು ಸಿಟ್ಟು ಯಾಕೆ ಅಂದರೆ, ಆ ಬಟ್ಟಲು ಸರಿಸಿದ್ದನ್ನು ನಾನು ಮೊದಲೇ ನೋಡಿದ್ದೇನೆ. ನಾನು ಮಂಡ್ಯದವಳು, ನಿಮಗೆಲ್ಲ ಗೊತ್ತು. ಬೆಂಗಳೂರಿನಿಂದ ನೆಂಟರು ಬಂದರೆ ನಮ್ಮಜ್ಜಿ ಮುದ್ದೆ ಕೋಲನ್ನು ಎತ್ತಿ ಒಳಗಿಡುತ್ತಿದ್ದಳು. ಅವರಿಗೆ ಅನ್ನ, ಹಪ್ಪಳ, ಪಾಯಸ. ಅವರೆಲ್ಲ ಎದ್ದ ಮೇಲೆ ಹಿತ್ತಲ ಬಾಗಿಲ ಹತ್ತಿರ ಕೂತು ಮುದ್ದೆ ಬಸ್ಸಾರು ಉಣ್ಣುತ್ತಿದ್ದಳು. ನಾನೂ ಹಾಸ್ಟೆಲಿನಲ್ಲಿ ಎರಡು ವರ್ಷ, ಮುದ್ದೆ ಇಷ್ಟ ಅಂತ ಯಾರಿಗೂ ಹೇಳಿರಲಿಲ್ಲ. ಇವತ್ತು ಅದೇ ಮುದ್ದೆ ಊಟಕ್ಕೆ ಬೆಂಗಳೂರಿನಲ್ಲಿ ಕ್ಯೂ ನಿಲ್ಲುತ್ತಾರೆ. ಅಜ್ಜಿ ಅದನ್ನು ನೋಡಲಿಲ್ಲ. ಆ ಸಂಕಟ ನನಗೆ ಇವತ್ತಿಗೂ ಇದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಬುಕ್ ಮಾಡುವಾಗ ಫೋನಿನಲ್ಲಿ "ಮಕ್ಕಳಿಗೆ ನೂಡಲ್ಸ್ ಸಿಗುತ್ತಾ?" ಅಂತ ಕೇಳಿದವಳು ನಾನೇ. ಅವರ ಮನೆಯಲ್ಲಿ ಏನು ಮಾಡುತ್ತಾರೆ ಅಂತ ಕೇಳಬೇಕು ಅನ್ನಿಸಲೇ ಇಲ್ಲ. ತಪ್ಪು ನನ್ನದೂ ಇದೆ.

ಕೊನೆಯ ದಿನ ಬೆಳಿಗ್ಗೆ ನಾವು ನಾಲ್ಕೂ ಜನ ಅವರ ಅಡುಗೆಮನೆಯಲ್ಲೇ ಕೂತೆವು. ಗಂಜಿ, ಚಟ್ನಿ, ಅಪ್ಪೆಮಿಡಿ. ಅಕ್ಕ ಈ ಸಲ ನಮ್ಮ ಜೊತೆಗೇ ಬಡಿಸಿಕೊಂಡರು. ಹೊರಡುವಾಗ ಐದು ಕಿಲೋ ಕಗ್ಗದ ಅಕ್ಕಿ, ಒಂದು ಬಾಟಲಿ ಮುರುಗಲು ರಸ ತಂದೆ. ಅಕ್ಕಿಗೆ ದುಡ್ಡು ಬೇಡ ಅಂತ ತುಂಬ ಹಟ ಮಾಡಿದರು, ನಾನು ಬಿಡಲಿಲ್ಲ.

ಕೊಯ್ಲು ಮುಗಿದ ಮೇಲೆ ಡಿಸೆಂಬರಿನಲ್ಲಿ ಮತ್ತೆ ಹೋಗುತ್ತಿದ್ದೇವೆ. ಈಗಲೇ ಹೇಳಿಟ್ಟು ಬಂದಿದ್ದೇನೆ, ನೀವು ಏನು ಮಾಡಿಕೊಳ್ಳುತ್ತೀರೋ ಅದರಲ್ಲೇ ನಾಲ್ಕು ಮುಷ್ಟಿ ಅಕ್ಕಿ ಜಾಸ್ತಿ ಹಾಕಿ ಅಂತ.