ಸೂರ್ಯನ ಜೊತೆ ತಿರುಗುವ ಕಟ್ಟಡ: ಒಂದು ಸ್ಪಷ್ಟನೆ

ಅಬುಧಾಬಿಯ ಅಲ್ ಬಹರ್ ಅವಳಿ ಗೋಪುರಗಳು ಸೂರ್ಯನ ಜೊತೆ ತಿರುಗುತ್ತವೆ, ಮಂಗಳೂರಿಗೂ ಅದೇ ವಿನ್ಯಾಸ ಸಾಕು ಎಂಬ ಮೆಸೇಜ್ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು. 2012ರಲ್ಲಿ ಮುಗಿದ ಆ ಗೋಪುರಗಳು ನಿಂತಲ್ಲೇ ನಿಂತಿವೆ. ಗಾಜಿನ ಹೊರಗೆ, ಒಂದೊಂದು ಗೋಪುರಕ್ಕೂ ಸಾವಿರಕ್ಕಿಂತ ಜಾಸ್ತಿ ಇರುವ ಕೊಡೆಯಂಥ ಪರದೆಗಳು ಬಿಸಿಲಿಗೆ ತಕ್ಕಂತೆ ಬಿಚ್ಚಿಕೊಳ್ಳುತ್ತವೆ, ಮಡಚಿಕೊಳ್ಳುತ್ತವೆ, ಅಷ್ಟೇ. ಉತ್ತರದ ಕಡೆ ಪರದೆ ಬೇಕಾಗಿಲ್ಲ, ಯಾಕೆಂದರೆ ಅಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ.

ನಮ್ಮಲ್ಲಿ ಹಾಗಲ್ಲ! ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಅವನು ಉತ್ತರಕ್ಕೆ ವಾಲಿರುತ್ತಾನೆ, ಸಂಜೆ ಕಡಲ ಕಡೆಯಿಂದ ಓರೆ ಬಿಸಿಲು, ಜೂನ್ ಬಂತೆಂದರೆ ಗಾಳಿಮಳೆ, ಉಪ್ಪುಗಾಳಿಗೆ ತುಕ್ಕು ಬೇರೆ. ಸುಮ್ನೆ ನಕಲು ಮಾಡುವುದಲ್ಲ, ಕಂಪ್ಯೂಟರಿಗೆ ಈ ಊರಿನ ಸೂರ್ಯನ ದಾರಿಯನ್ನೇ ಕೊಟ್ಟು ಲೆಕ್ಕ ಹಾಕಿಸಬೇಕು. ಆಗ ಪಶ್ಚಿಮದ ಕಿಟಕಿಗಳಿಗೆ ಮೋಟಾರೇ ಇಲ್ಲದ, ಸರಿಯಾದ ಕೋನದ ನೆರಳುಪಟ್ಟಿಗಳನ್ನೂ ಕೂರಿಸಬಹುದು.