ಪೊರಕೆ ಕೋಲಿಗೆ ಬಡ್ತಿ

2014ರ ಸೆಪ್ಟೆಂಬರಿನಲ್ಲಿ ನಾರ್ವೆಯ ಸಮರಾಭ್ಯಾಸಕ್ಕೆ ಹೋದ ಜರ್ಮನ್ ಸೈನಿಕರು, ತಮ್ಮ ‘ಬಾಕ್ಸರ್’ ಕವಚವಾಹನದ ಮೇಲೆ ಮೆಷಿನ್ ಗನ್ ಇರಬೇಕಾದ ಜಾಗದಲ್ಲಿ ಪೊರಕೆಯ ಕೋಲಿಗೆ ಕಪ್ಪು ಬಣ್ಣ ಬಳಿದು ಕಟ್ಟಿಕೊಂಡರು. ಸಂಗತಿ ಮರುವರ್ಷ ಬಯಲಾದಾಗ ಲೋಕವೆಲ್ಲ ನಕ್ಕಿತು. ಆದರೆ ಆ ತುಕಡಿ ಸಾಮಾನ್ಯದ್ದಲ್ಲ. ಆಪತ್ತು ಬಂದಾಗ ಎಲ್ಲರಿಗಿಂತ ಮೊದಲು ಓಡಬೇಕಾದ, ಅದೂ ಶತ್ರುವಿನ ಕಡೆಗೇ ಓಡಬೇಕಾದ, ನೇಟೋ ಕ್ಷಿಪ್ರ ಪಡೆಗೆ ಸೇರಿದ್ದು. ಆ ವಾಹನಕ್ಕೆ ಬಂದೂಕಿನ ಅಗತ್ಯವೇ ಇರಲಿಲ್ಲವೆಂದು ರಕ್ಷಣಾ ಸಚಿವಾಲಯ ಸಮಜಾಯಿಷಿ ಕೊಟ್ಟಿತು. ಅಂದರೆ, ಇಲ್ಲದ ಅಗತ್ಯವನ್ನು ಇಲ್ಲದ ಬಂದೂಕಿನಿಂದ ಪೂರೈಸಿದ್ದಾರೆ. ಖರ್ಚು ಬಣ್ಣದ್ದು ಮಾತ್ರ.

ಇಂಥ ಮಿತವ್ಯಯ ಒಂದು ದಿನದಲ್ಲಿ ಕೈಗೂಡುವುದಲ್ಲ. ಶೀತಲ ಸಮರ ಮುಗಿದು ಸುತ್ತಲಿನವರೆಲ್ಲ ನೆಂಟರೇ ಎಂದು ಖಾತ್ರಿಯಾದ ಮೇಲೆ, ಎರಡು ಸಾವಿರ ದಾಟಿದ್ದ ಲೆಪರ್ಡ್-2 ಟ್ಯಾಂಕುಗಳ ಸಂಖ್ಯೆಯನ್ನು 225ಕ್ಕೆ ಇಳಿಸುವುದೆಂದು 2011ರಲ್ಲಿ ನಿಶ್ಚಯಿಸಿದರು. ಕಡ್ಡಾಯ ಸೈನಿಕ ಸೇವೆಯನ್ನೂ ಅದೇ ವರ್ಷ ಅಮಾನತಿನಲ್ಲಿಟ್ಟರು. ನಾರ್ವೆಯಲ್ಲಿ ಕೋಲಿಗೆ ಬಣ್ಣ ಬಳಿದ ತಿಂಗಳಲ್ಲೇ ವೇಲ್ಸ್ ಶೃಂಗಸಭೆಯಲ್ಲಿ ನೇಟೋ ದೇಶಗಳೆಲ್ಲ ಜಿಡಿಪಿಯ ಶೇ 2ರಷ್ಟನ್ನು ರಕ್ಷಣೆಗೆ ಮೀಸಲಿಡುವತ್ತ ಸಾಗುವುದಾಗಿ ಒಪ್ಪಿಕೊಂಡವು. ಜರ್ಮನಿ ಆಗ ಶೇ 1.2ರ ಆಸುಪಾಸಿನಲ್ಲಿತ್ತು.

ಆದರೆ ಹಣ ಕಡಿತಗೊಂಡಷ್ಟೂ ಪದಸಂಪತ್ತು ಬೆಳೆಯಿತು. ಪ್ರತಿ ತುಕಡಿಗೂ ಬೇಕಾದ ಸಲಕರಣೆಯಲ್ಲಿ ಶೇ 70ರಷ್ಟನ್ನು ಮಾತ್ರ ಕೊಟ್ಟು, ಮಿಕ್ಕಿದ್ದನ್ನು ಅವರಿವರಿಂದ ಎರವಲು ತರುವ ಏರ್ಪಾಡಿಗೆ ‘ಚಲನಶೀಲ ಲಭ್ಯತಾ ನಿರ್ವಹಣೆ’ ಎಂದು ನಾಮಕರಣವಾಯಿತು. ಮನೆಯಲ್ಲಿ ನಾಲ್ವರು ಅಣ್ಣತಮ್ಮಂದಿರಿದ್ದು ಜರಿ ಪಂಚೆ ಒಂದೇ ಇದ್ದರೆ, ಮದುವೆಗೆ ಹೊರಟವನು ಅದನ್ನು ಉಡುತ್ತಾನೆ, ಉಳಿದವರು ಅವನು ಬರುವವರೆಗೆ ಒಳಗೇ ಕೂರುತ್ತಾರೆ. ಬಡತನ ಎಂದು ನಾವು ಕರೆಯುವ ಈ ಪದ್ಧತಿಗೆ ಬರ್ಲಿನ್ನಿನಲ್ಲಿ ಆಡಳಿತ ಸುಧಾರಣೆ ಎಂದು ಹೆಸರು. ಇದರ ಯಶಸ್ಸಿಗೆ ಒಂದೇ ಷರತ್ತು: ಶತ್ರುಗಳು ಮುಂಚಿತವಾಗಿ ತಿಳಿಸಿ, ಸರದಿಯಂತೆ ಬರಬೇಕು.

ನೌಕಾಪಡೆಯೂ ಹಿಂದೆ ಬೀಳಲಿಲ್ಲ. 2017ರ ಅಕ್ಟೋಬರಿನಲ್ಲಿ ಯು-35 ಜಲಾಂತರ್ಗಾಮಿಯ ಚುಕ್ಕಾಣಿಗೆ ನಾರ್ವೆಯ ಬಳಿ ಪೆಟ್ಟಾದಾಗ, ಇದ್ದ ಆರಕ್ಕೆ ಆರೂ ರಿಪೇರಿಯಲ್ಲಿ ಕುಳಿತಂತಾಯಿತು. ಉಳಿತಾಯಕ್ಕೆಂದು ಬಿಡಿಭಾಗಗಳ ದಾಸ್ತಾನನ್ನು ಕೈಬಿಟ್ಟು ವರ್ಷಗಳೇ ಆಗಿದ್ದವು. (ಕಣ್ಣಿಗೆ ಕಾಣದಿರುವುದೇ ಜಲಾಂತರ್ಗಾಮಿಯ ಧರ್ಮವಾದ್ದರಿಂದ, ಶತ್ರುವಿಗೆ ವ್ಯತ್ಯಾಸ ತಿಳಿದಿರಲಾರದು.)

2022ರ ಜನವರಿಯಲ್ಲಿ, ಗಡಿಯಲ್ಲಿ ರಷ್ಯಾದ ಸೇನೆ ಜಮಾಯಿಸಿದ್ದಾಗ, ಉಕ್ರೇನಿಗೆ ಜರ್ಮನಿ 5,000 ಹೆಲ್ಮೆಟ್ ಕೊಡಲು ಮುಂದಾಯಿತು. ಮುಂದೆ ಏನು, ದಿಂಬು ಕಳಿಸುತ್ತೀರಾ ಎಂದು ಕೀವ್ ಮೇಯರ್ ಕ್ಲಿಚ್ಕೊ ಕೇಳಿದರು. ಫೆಬ್ರುವರಿ 24ರಂದು ಯುದ್ಧ ಶುರುವಾದಾಗ ಭೂಸೇನೆಯ ಮುಖ್ಯಸ್ಥ ಆಲ್ಫೋನ್ಸ್ ಮೈಸ್ ಅವರು, ತಮ್ಮ ಸೇನೆ ಹೆಚ್ಚುಕಡಿಮೆ ಬರಿಗೈಯಲ್ಲಿ ನಿಂತಿದೆ ಎಂದು ಲಿಂಕ್ಡ್‌ಇನ್‌ನಲ್ಲಿ ಬರೆದುಕೊಂಡರು. ದಂಡನಾಯಕನು ಉದ್ಯೋಗ ಹುಡುಕುವ ತಾಣದಲ್ಲಿ ಸೇನೆಯ ಸ್ಥಿತಿ ಪ್ರಕಟಿಸಿದ್ದರಲ್ಲಿ ಔಚಿತ್ಯವೇನೋ ಇತ್ತು. ಮೂರು ದಿನಕ್ಕೆ ಚಾನ್ಸಲರ್ ಶೋಲ್ಝ್ 10,000 ಕೋಟಿ ಯೂರೋಗಳ ವಿಶೇಷ ನಿಧಿ ಘೋಷಿಸಿದರು. ಬೆಂಕಿ ಬಿದ್ದಾಗ ಬಾವಿ ತೋಡುವವರನ್ನು ನಾವು ಹಳಿಯುತ್ತೇವೆ; ಇಲ್ಲಿ ತೋಡುವ ಮುನ್ನ ಹಾರೆ, ಗುದ್ದಲಿಗಳಿಗೆ ಟೆಂಡರ್ ಕರೆಯಬೇಕಿತ್ತು.

ಆ ವರ್ಷದ ಡಿಸೆಂಬರಿನಲ್ಲಿ, ನೇಟೋ ಕ್ಷಿಪ್ರ ಪಡೆಯ ಸರದಿಗೆ ತಯಾರಾಗುತ್ತಿದ್ದ ಅತ್ಯಾಧುನಿಕ ‘ಪೂಮಾ’ ಕವಚವಾಹನಗಳು ಅಭ್ಯಾಸದಲ್ಲಿ ಒಂದೊಂದಾಗಿ ಕೆಟ್ಟು, 18ಕ್ಕೆ 18ರೂ ನಿಂತವು. ನಾರ್ವೆಯ ಪೊರಕೆ ಕೋಲು ಕೆಟ್ಟು ನಿಂತ ವರದಿ ಮಾತ್ರ ಇದುವರೆಗೆ ಎಲ್ಲೂ ಬಂದಿಲ್ಲ.